ಬಿರುಕು ಮತ್ತು ಕೊರತೆ

ಮನುಷ್ಯನು ಕಂಡುದನ್ನು ಮೆಚ್ಚಿ ಆಡುವುದಕ್ಕಿಂತ ಅದರಲ್ಲಿ ತಪ್ಪು ಎತ್ತಿ ಆಡುವುದೇ ಹೆಚ್ಚು. ಕೊಂಡುತಂದ ಪಾತ್ರೆಯಲ್ಲಿ ದೋಷ, ಕಟ್ಟಿಸಿದ ಮನೆಯಲ್ಲಿ ದೋಷ, ಹಡೆದ ಮಗುವಿನಲ್ಲಿ ದೋಷ, ನೆರೆಯವನ ನಡತೆಯಲ್ಲಿ ದೋಷ ಎಂದು ಈ ಒಂದು ಶಬ್ದವು ದಿನಕ್ಕೆ ಎಷ್ಟು ಬಾರಿ ಬಾಯಿಂದ ಹೊರಡುವುದೋ ಲೆಕ್ಕವಿಟ್ಟವರಿಲ್ಲ. ಆದರೆ ಈ ನಾಲ್ಕು ಕಡೆಗಳಲ್ಲಿಯೂ ದೋಷವೆಂಬ ಮಾತಿಗೆ ಒಂದೇ ಅರ್ಥವುಂಟೆ? ಪಾತ್ರೆಯು ಸೀಳಿರಬಹುದು, ಮನೆಗೆ ಗಾಳಿ ಬೆಳಕುಗಳು ಸಾಲದಿರಬಹುದು, ಮಗುವಿಗೆ ಕಿವಿ ಮಂದವಾಗಿರಬಹುದು, ನೆರೆಯವನು ಕೊಟ್ಟ ಮಾತಿಗೆ ತಪ್ಪುತ್ತಿರಬಹುದು. ಒಂದೆಡೆ ಇದ್ದುದು ಒಡೆದಿದೆ. ಇನ್ನೊಂದೆಡೆ ಇರಬೇಕಾದುದು ಇಲ್ಲ. ಈ ಎರಡು ಸ್ಥಿತಿಗಳು ಬೇರೆ ಬೇರೆ. ಅವುಗಳಿಗೆ ಮಾಡತಕ್ಕ ಪರಿಹಾರಗಳೂ ಬೇರೆ ಬೇರೆ.

ಇಂಗ್ಲಿಷ್ ಭಾಷೆಯಲ್ಲಿ ಈ ಭೇದವನ್ನು ಸೂಚಿಸುವ ಎರಡು ನಾಮಪದಗಳುಂಟು. ಒಂದು 'ಫ್ಲಾ', ಇನ್ನೊಂದು 'ಡಿಫೆಕ್ಟ್'. ಕನ್ನಡಕ್ಕೆ ತರುವಾಗ ಎರಡನ್ನೂ ದೋಷವೆಂದೇ ಬರೆದುಬಿಡುವುದು ವಾಡಿಕೆಯಾಗಿದೆ. ಇದರಿಂದ ಅನುವಾದಕ್ಕೆ ಆಗುವ ನಷ್ಟ ಅಲ್ಪವಾದುದು. ವಿಚಾರಕ್ಕೆ ಆಗುವ ನಷ್ಟವೇ ಹಿರಿದು. ಒಡೆದುದನ್ನು ಇಲ್ಲದುದೆಂದೂ, ಇಲ್ಲದುದನ್ನು ಒಡೆದುದೆಂದೂ ತಿಳಿದವನು ಮದ್ದನ್ನೂ ತಪ್ಪಾಗಿಯೇ ಕೊಡುವನು. ಆದುದರಿಂದ ಈ ಎರಡು ಶಬ್ದಗಳ ಹುಟ್ಟು, ಬಳಕೆ, ಅನ್ವಯಗಳನ್ನು ಕ್ರಮವಾಗಿ ವಿಚಾರಿಸುವುದು ಗೃಹಸ್ಥರಿಗೆ ಉಪಯುಕ್ತವಾಗಿದೆ.

ಶಬ್ದಗಳ ಹುಟ್ಟು

'ಫ್ಲಾ' ಎಂಬುದು ಉತ್ತರ ಯೂರೋಪಿನ ಪ್ರಾಚೀನ ನಾರ್ಸ್ ಭಾಷೆಯ ಕಡೆಯಿಂದ ಇಂಗ್ಲಿಷಿಗೆ ಬಂದಿರಬೇಕೆಂದು ಶಬ್ದಶಾಸ್ತ್ರಜ್ಞರ ಮತ. ಆ ಬಳಗದ ಮಾತುಗಳಿಗೆ ಕಲ್ಲಿನ ಚಪ್ಪಡಿ, ಎದ್ದುಬರುವ ಹಕ್ಕಳೆ ಎಂಬ ಅರ್ಥಗಳುಂಟು. ಹಿಂದಿನ ಇಂಗ್ಲಿಷ್ ಬಳಕೆಯಲ್ಲಿ ಹಿಮದ ಹಕ್ಕಳೆಗೂ ಬೆಂಕಿಯ ಕಿಡಿಗೂ ಈ ಹೆಸರು ಸಲ್ಲುತ್ತಿತ್ತು. ಕಾಲಕ್ರಮದಲ್ಲಿ ಅದು ವಸ್ತುವಿನ ಮೈಯಲ್ಲಿ ತೋರುವ ಸೀಳಿಗೆ, ಬಿರುಕಿಗೆ ಹೆಸರಾಗಿ ನಿಂತಿತು. ಆದುದರಿಂದ ಫ್ಲಾ ಎಂದೊಡನೆ ಮೂರು ಸಂಗತಿಗಳು ಮನಸ್ಸಿಗೆ ಬರತಕ್ಕವು. ಒಂದು ಅಖಂಡವಾದ ವಸ್ತುವಿದೆ. ಅದರ ಮೈಯಲ್ಲಿ ಒಂದು ಭಂಗವುಂಟಾಗಿದೆ. ಆ ಭಂಗವು ಇಂಥ ಸ್ಥಳದಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದಾಗಿದೆ.

'ಡಿಫೆಕ್ಟ್' ಎಂಬುದರ ತವರು ಲ್ಯಾಟಿನ್ ಭಾಷೆ. ಅದರ ಮೂಲವಾದ ಕ್ರಿಯಾಪದಕ್ಕೆ ಸಾಲದೆ ಹೋಗು, ಕಡಿಮೆ ಬೀಳು, ನಡುವೆ ಕೈಬಿಡು ಎಂಬ ಅರ್ಥಗಳಿವೆ. ಸೂರ್ಯಗ್ರಹಣವನ್ನು ಲ್ಯಾಟಿನ್ ಗ್ರಂಥಕಾರರು ಸೂರ್ಯನ ಡಿಫೆಕ್ಟ್ ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಗ್ರಹಣದಲ್ಲಿ ಸೂರ್ಯನ ಬಿಂಬವು ಒಡೆಯುವುದಿಲ್ಲ. ಬರಬೇಕಾದ ಬೆಳಕು ಬಾರದೆ ಹೋಗುವುದು, ಅಷ್ಟೆ. ಸರಕಾರದ ಆಯವ್ಯಯದಲ್ಲಿ ಆದಾಯವು ವೆಚ್ಚಕ್ಕೆ ಸಾಲದೆ ಬಂದಾಗ ಇಂಗ್ಲಿಷಿನಲ್ಲಿ ಅದನ್ನು 'ಡಿಫಿಸಿಟ್' ಎನ್ನುವರು. ಅದೂ ಇದೇ ಬೇರಿನಿಂದ ಚಿಗುರಿದ ಮಾತು. ಅದನ್ನು ಕನ್ನಡದಲ್ಲಿ ಕೊರತೆಯ ಬಜೆಟ್ಟು ಎಂದು ಕರೆದವರು ಮೂಲದ ಹುರುಳನ್ನು ಸರಿಯಾಗಿಯೇ ಹಿಡಿದರು. ಡಿಫೆಕ್ಟ್ ಎಂದರೆ ಮೊದಲಲ್ಲಿ ಕೊರತೆ: ಇರಬೇಕಾದುದು ಇಲ್ಲದಿರುವಿಕೆ.

ಸ್ಯಾಮ್ಯುಅಲ್ ಜಾನ್ಸನ್ ಎಂಬ ವಿದ್ವಾಂಸನು 1755ರಲ್ಲಿ ಪ್ರಕಟಿಸಿದ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿಯೂ ಈ ಕ್ರಮವೇ ಕಾಣುವುದು. ಅವನು ಫ್ಲಾ ಎಂಬುದಕ್ಕೆ ಬಿರುಕೆಂಬ ಅರ್ಥವನ್ನೂ, ಡಿಫೆಕ್ಟ್ ಎಂಬುದಕ್ಕೆ ಅವಶ್ಯವಾದುದರ ಅಭಾವವೆಂಬ ಅರ್ಥವನ್ನೂ ಮೊದಲು ಹೇಳಿದನು. ಆದರೆ ಮುಂದಿನ ಅರ್ಥಗಳಲ್ಲಿ ಎರಡೂ ಶಬ್ದಗಳು ಒಂದನ್ನೊಂದು ಸೋಕುತ್ತವೆ. ಇಂಗ್ಲಿಷರು ದಿನಬಳಕೆಯಲ್ಲಿ ಒಂದರ ಎಡೆಯಲ್ಲಿ ಮತ್ತೊಂದನ್ನು ಹೇಳುವುದು ಅಂದೂ ಇತ್ತು, ಇಂದೂ ಇದೆ. ಹೀಗೆ ಗಡಿಯು ಮಸುಕಾಗಿರುವುದು ನಿಜ; ಆದರೆ ಗಡಿಯೇ ಇಲ್ಲವೆಂದು ಹೇಳಲಾಗದು.

ಕನ್ನಡದಲ್ಲಿಯೂ ಈ ಭೇದಕ್ಕೆ ತಕ್ಕ ಮಾತುಗಳಿಗೆ ಬಡತನವಿಲ್ಲ. ಬಿರುಕು, ಸೀಳು, ಒಡಕು ಎಂಬಿವು ಒಂದು ಪಕ್ಷ. ಕೊರತೆ, ಕುಂದು, ಊನ, ನ್ಯೂನತೆ ಎಂಬಿವು ಇನ್ನೊಂದು ಪಕ್ಷ. ಕುಂದುವುದೆಂದರೆ ಕಡಿಮೆಯಾಗುವುದು. ಊನವೆಂದರೆ ಸಂಸ್ಕೃತದಲ್ಲಿ ಕಡಿಮೆಯಾದುದು. ಹತ್ತೊಂಬತ್ತನ್ನು ಏಕೋನವಿಂಶತಿ, ಎಂದರೆ ಒಂದು ಕಡಿಮೆಯಾದ ಇಪ್ಪತ್ತು, ಎಂದು ಎಣಿಸುವರು. ಹತ್ತೊಂಬತ್ತು ಎಂಬ ಸಂಖ್ಯೆಯಲ್ಲಿ ಒಡಕೇನೂ ಇಲ್ಲ. ಇಪ್ಪತ್ತರ ಅಳತೆಗೆ ಅದು ಒಂದು ಸಾಲದು. ಆದರೆ 'ದೋಷ' ಎಂಬ ಮಾತು ಕೆಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿ, ಈ ಎರಡು ಪಕ್ಷಗಳನ್ನೂ ನುಂಗಿ ಕುಳಿತಿದೆ. ದೃಷ್ಟಿದೋಷ, ಉಚ್ಚಾರದೋಷ, ನಡತೆಯ ದೋಷ ಎಂದು ಎಲ್ಲವೂ ಅದರಲ್ಲಿ ಒಂದಾಗಿಬಿಡುವುವು. ಕೆಟ್ಟುದು ಎಂಬ ಕಳಂಕವು ಕೆಡದಿರುವ ವಸ್ತುವಿಗೂ ಅಂಟಿಕೊಳ್ಳುವುದು.

ಇದನ್ನು ಎರಡು ಕೊಡಗಳಿಂದ ತಿಳಿಯಬಹುದು. ಒಂದು ಕೊಡ ತುಂಬಿಲ್ಲ, ಇನ್ನೊಂದು ಕೊಡ ಸೀಳಿದೆ. ದೂರದಿಂದ ನೋಡುವವನಿಗೆ ಎರಡರಲ್ಲಿಯೂ ನೀರು ಕಡಿಮೆ. ತುಂಬದ ಕೊಡಕ್ಕೆ ನೀರು ಹಾಕಬೇಕು. ಅದಕ್ಕೆ ಬೆಸುಗೆ ಹಾಕಹೊರಟರೆ ವ್ಯರ್ಥ. ಸೀಳಿದ ಕೊಡಕ್ಕೆ ಬೆಸುಗೆ ಹಾಕಬೇಕು. ಅದಕ್ಕೆ ನೀರು ಸುರಿಯುತ್ತ ಕುಳಿತರೆ ವ್ಯರ್ಥ. ಹತ್ತಿರ ಬಂದು ಕೊಡವನ್ನು ಕೈಗೆತ್ತಿಕೊಂಡು ನೋಡಿದವನಿಗೆ ಮಾತ್ರ ಯಾವುದಕ್ಕೆ ಯಾವುದು ತಕ್ಕುದೆಂದು ತಿಳಿಯುವುದು.

ಬಿರುಕಿದ್ದೂ ಕೊರತೆಯಿಲ್ಲದ ಘಂಟೆ

ಬಿರುಕು ಇದ್ದ ಮಾತ್ರಕ್ಕೆ ವಸ್ತುವು ಕೆಲಸಕ್ಕೆ ಬಾರದುದಾಗುವುದೆ? ಲಂಡನ್ ನಗರದ ಒಂದು ಘಂಟೆಯು ಇದಕ್ಕೆ ಉತ್ತರವಾಗಿದೆ. ಅಲ್ಲಿಯ ಪಾರ್ಲಿಮೆಂಟ್ ಭವನದ ಗಡಿಯಾರದ ಗೋಪುರದಲ್ಲಿ ತೂಗುವ ಮಹಾಘಂಟೆಗೆ ಬಿಗ್ ಬೆನ್ ಎಂದು ಹೆಸರು. ಅದಕ್ಕಾಗಿ 1856ರಲ್ಲಿ ಎರಕಹೊಯ್ದ ಮೊದಲನೆಯ ಘಂಟೆಯು ಪರೀಕ್ಷೆಯ ಕಾಲದಲ್ಲಿಯೇ, 1857ರಲ್ಲಿ, ಸೀಳಿಹೋಯಿತು. 1858ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ಅದನ್ನು ಹೊಸದಾಗಿ ಎರಕಹೊಯ್ದರು. 13 ಟನ್ನುಗಳಿಗೂ ಮಿಗಿಲಾದ ತೂಕದ ಈ ಎರಡನೆಯ ಘಂಟೆಯು 1859ರ ಜುಲೈ ತಿಂಗಳಲ್ಲಿ ಹೊತ್ತನ್ನು ಸಾರತೊಡಗಿತು. ಎರಡೇ ತಿಂಗಳುಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರಿನಲ್ಲಿ, ಅದೂ ಬಿರುಕು ಬಿಟ್ಟಿತು.

ಆಗ ವಿವಾದವು ಎದ್ದಿತು. ಸುತ್ತಿಗೆಯ ಭಾರವು ಮಿತಿಮೀರಿತ್ತೆಂದು ಎರಕದವರ ಪಕ್ಷ. ಎರಕವೇ ಸರಿಯಿಲ್ಲವೆಂದು ಘಂಟೆಯ ರೂಪವನ್ನು ನಿರ್ಣಯಿಸಿದ ಡೆನಿಸನ್ ಎಂಬವನ ಪಕ್ಷ. ಮಾತು ನ್ಯಾಯಾಲಯದವರೆಗೂ ಹೋಯಿತು. ಇಲ್ಲಿ ಇಂಗ್ಲಿಷಿನ ಮೂರನೆಯ ಶಬ್ದವೊಂದು ತಲೆಯೆತ್ತುವುದನ್ನು ಗಮನಿಸಬೇಕು. 'ಫಾಲ್ಟ್' ಎಂಬ ಆ ಶಬ್ದವನ್ನು ತಪ್ಪು ಯಾರದೆಂದು ಕೇಳುವಾಗ ಬಳಸುವರು. ಬಿರುಕು ವಸ್ತುವಿನಲ್ಲಿರುವುದು, ತಪ್ಪು ಮನುಷ್ಯನ ಮೇಲೆ ಬೀಳುವುದು. ತಪ್ಪು ಯಾರದೆಂದು ಎಷ್ಟು ವಾದಿಸಿದರೂ ಘಂಟೆಯು ನುಡಿಯಲಿಲ್ಲ. ಸುಮಾರು ನಾಲ್ಕು ವರ್ಷಗಳವರೆಗೆ ಅದರ ಕೆಲಸವನ್ನು ಪಕ್ಕದ ಚಿಕ್ಕ ಘಂಟೆಯೊಂದು ಮಾಡಬೇಕಾಯಿತು.

ಕೊನೆಗೆ, ರಾಜ್ಯದ ಖಗೋಳಶಾಸ್ತ್ರಜ್ಞನಾಗಿದ್ದ ಜಾರ್ಜ್ ಏರಿಯ ಸಲಹೆಯಂತೆ, ಮೂರು ಉಪಾಯಗಳನ್ನು ಮಾಡಿದರು. ಸುತ್ತಿಗೆಯು ಬಿರುಕಿಲ್ಲದ ಭಾಗಕ್ಕೆ ತಗಲುವಂತೆ ಘಂಟೆಯನ್ನು ಸ್ವಲ್ಪ ತಿರುಗಿಸಿದರು; ಸುತ್ತಿಗೆಯ ಭಾರವನ್ನು ತಗ್ಗಿಸಿದರು; ಬಿರುಕು ಮುಂದೆ ಹರಿಯದಂತೆ ಘಂಟೆಯ ಮೈಯಲ್ಲಿ ಒಂದು ಸಣ್ಣ ಚೌಕವನ್ನು ಕೊರೆದು ತೆಗೆದರು. ಆ ಬಿರುಕು ಇಂದಿಗೂ ಹಾಗೆಯೇ ಇದೆ. 2017ರಿಂದ 2022ರ ವರೆಗೆ ನಡೆದ ಗೋಪುರದ ಜೀರ್ಣೋದ್ಧಾರದ ಕಾಲದಲ್ಲಿ ಬಹಳ ದಿನಗಳು ಮೌನವಾಗಿದ್ದು, ಘಂಟೆಯು ಮತ್ತೆ ಹೊತ್ತನ್ನು ಸಾರುತ್ತಿದೆ. ಅದರ ನಾದದಲ್ಲಿರುವ ವಿಶಿಷ್ಟವಾದ ಗುಣಕ್ಕೆ ಆ ಬಿರುಕೇ ಕಾರಣವೆಂದು ಹೇಳುವುದುಂಟು. ಘಂಟೆಗೆ ಫ್ಲಾ ಇದೆ. ಹೊತ್ತು ಸಾರುವ ಅದರ ಕಾರ್ಯಕ್ಕೆ ಡಿಫೆಕ್ಟ್ ಇಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಘಂಟೆಯೂ ಉಂಟು. ಅಮೆರಿಕದ ಫಿಲಡೆಲ್ಫಿಯ ನಗರದವರು ತರಿಸಿಕೊಂಡ ಘಂಟೆಯನ್ನೂ 1752ರಲ್ಲಿ ವೈಟ್‌ಚಾಪೆಲ್ಲಿನಲ್ಲಿಯೇ ಎರಕಹೊಯ್ದಿದ್ದರು. ಅದು ಅಲ್ಲಿಗೆ ತಲುಪಿದ ಮೇಲೆ, ಪರೀಕ್ಷೆಗೆಂದು ಹೊಡೆದಾಗಲೇ ಸೀಳಿತು. ಊರಿನ ಪಾಸ್ ಮತ್ತು ಸ್ಟೋ ಎಂಬಿಬ್ಬರು ಅದನ್ನು ಕರಗಿಸಿ 1753ರಲ್ಲಿ ಎರಡು ಬಾರಿ ಎರಕಹೊಯ್ದರು. ಅದು ದೀರ್ಘಕಾಲ ಸೇವೆ ಸಲ್ಲಿಸಿ ಮತ್ತೆ ಬಿರುಕು ಬಿಟ್ಟಿತು. 1846ರಲ್ಲಿ ವಾಷಿಂಗ್ಟನ್ನನ ಜನ್ಮದಿನದ ಉತ್ಸವಕ್ಕಾಗಿ, ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಾಗದಂತೆ ಅರದಿಂದ ಉಜ್ಜಿ ಅಗಲಮಾಡಿದರು. ಇಂದು ನೋಡುವವರ ಕಣ್ಣಿಗೆ ಹೊಡೆಯುವ ಅಗಲವಾದ ಸೀಳು ಆ ದುರಸ್ತಿಯದೇ ಹೊರತು ಮೊದಲಿನ ಬಿರುಕಿನದಲ್ಲ. ಅಂದು ಘಂಟೆಯನ್ನು ಬಾರಿಸಿದಾಗ ಇನ್ನೊಂದು ಸೂಕ್ಷ್ಮವಾದ ಬಿರುಕು ಹರಿದು ಅದರ ನಾದವು ಅಡಗಿಹೋಯಿತು. ಇಲ್ಲಿ ಫ್ಲಾ ಎಂಬುದು ಬೆಳೆದು ಡಿಫೆಕ್ಟಾಯಿತು. ಘಂಟೆಯ ಕಾರ್ಯವೇ ನಿಂತಿತು.

ಬಿರುಕಿನ ಗಾತ್ರ, ಬಿರುಕಿನ ಗತಿ

ಲೋಹದ ಬೆಸುಗೆಗಳನ್ನು ಪರೀಕ್ಷಿಸುವ ಯಂತ್ರಶಿಲ್ಪಿಗಳು ಈ ಎರಡು ಶಬ್ದಗಳ ನಡುವಣ ಗಡಿಯನ್ನು ಖಚಿತವಾಗಿ ಎಳೆದಿರುವರು. ಪರೀಕ್ಷೆಯಲ್ಲಿ ಕಂಡುಬರುವ ಪ್ರತಿಯೊಂದು ಭಂಗವೂ ಅವರ ಪರಿಭಾಷೆಯಲ್ಲಿ ಫ್ಲಾ ಎನಿಸಬಹುದು. ಆದರೆ ಅಷ್ಟರಿಂದಲೇ ಆ ಭಾಗವನ್ನು ತಿರಸ್ಕರಿಸುವುದಿಲ್ಲ. ಅದರ ಗಾತ್ರ, ಆಕಾರ, ಸ್ಥಾನಗಳು ನಿಗದಿಯಾದ ಮಿತಿಯನ್ನು ಮೀರಿದಾಗ ಮಾತ್ರ ಅದು ಡಿಫೆಕ್ಟ್ ಎನಿಸಿ, ಆ ಭಾಗವು ತಿರಸ್ಕಾರಕ್ಕೆ ಅರ್ಹವಾಗುವುದು. ರತ್ನಪರೀಕ್ಷಕರೂ ವಜ್ರವನ್ನು ಹತ್ತು ಪಟ್ಟು ಹಿರಿದಾಗಿ ತೋರಿಸುವ ಮಸೂರದಿಂದ ನೋಡುವರು. ಆ ಮಸೂರಕ್ಕೂ ಏನೂ ಕಾಣದಿದ್ದರೆ ಅದನ್ನು ಫ್ಲಾ ಇಲ್ಲದ ವಜ್ರವೆಂದು ಕರೆಯುವರು. ಅಂಥವು ಅತಿ ವಿರಳ. ಉಳಿದ ವಜ್ರಗಳಲ್ಲಿ ಏನಾದರೊಂದು ಗೆರೆಯೋ ಚುಕ್ಕೆಯೋ ಇದ್ದೇ ಇರುವುದು. ಆದರೂ ಅವು ವಜ್ರಗಳೇ.

ಇಷ್ಟನ್ನು ಕೇಳಿ, ಬಿರುಕಿದ್ದರೆ ಇರಲಿ ಎಂದು ಉದಾಸೀನ ಮಾಡಲಾಗದು. ಕೊರತೆಗೂ ಬಿರುಕಿಗೂ ಇರುವ ದೊಡ್ಡ ಅಂತರವೆಂದರೆ, ಕೊರತೆಯು ಬಹುಮಟ್ಟಿಗೆ ಇದ್ದಷ್ಟೇ ಇರುವುದು; ಬಿರುಕು ಒತ್ತಡ ಬಿದ್ದಂತೆಲ್ಲ ಬೆಳೆಯುವುದು. ಇಂಗ್ಲೆಂಡಿನಲ್ಲಿ ನಿರ್ಮಿತವಾದ ಕಾಮೆಟ್ ಎಂಬುದು 1952ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಮೊದಲನೆಯ ಜೆಟ್ ವಿಮಾನ. ಅಂಥ ವಿಮಾನವೊಂದು 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು 35 ಮಂದಿ ಸತ್ತರು. ಏಪ್ರಿಲ್ 8ರಂದು ನೇಪಲ್ಸ್ ನಗರದ ಬಳಿ ಇನ್ನೊಂದು ಒಡೆದು 21 ಮಂದಿ ಸತ್ತರು. ಕಾರಣವನ್ನು ಅರಸಿದ ವಿಜ್ಞಾನಿಗಳು ಫಾರ್ನ್‌ಬರೋ ಎಂಬಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆ ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಕೊನೆಗೆ ಒಂದು ಕಿಂಡಿಯ ಮೂಲೆಯಿಂದ ಲೋಹವು ಹರಿದುಹೋಯಿತು. ಪ್ರತಿಯೊಂದು ಹಾರಾಟದಲ್ಲಿ ಏರಿಳಿದ ಒತ್ತಡದಿಂದ ಲೋಹವು ದಣಿದು, ಕಣ್ಣಿಗೆ ಬೀಳದ ಬಿರುಕೊಂದು ಹುಟ್ಟಿ, ತುಸು ತುಸುವಾಗಿ ಬೆಳೆದು, ಒಂದು ಕ್ಷಣದಲ್ಲಿ ಸರ್ವನಾಶವನ್ನು ತಂದಿತ್ತು.

ಆದುದರಿಂದ ಬಿರುಕನ್ನು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದು ಕಾರ್ಯಕ್ಕೆ ಭಂಗ ತರುವಷ್ಟು ದೊಡ್ಡದೆ? ಇದು ಬೆಳೆಯತಕ್ಕದ್ದೆ? ಲಂಡನ್ನಿನ ಘಂಟೆಯು ಉಳಿದುದು ಬಿರುಕನ್ನು ಮುಚ್ಚಿಟ್ಟುದರಿಂದ ಅಲ್ಲ. ಬಿರುಕನ್ನು ಒಪ್ಪಿಕೊಂಡು, ಅದು ಬೆಳೆಯದಂತೆ ಮಾಡಿದುದರಿಂದ.

ಕೊರತೆಯಿದ್ದೂ ಬಿರುಕಿಲ್ಲದ ಕಣ್ಣು

ಇನ್ನು ಡಿಫೆಕ್ಟ್ ಎಂಬುದರ ಶುದ್ಧವಾದ ಉದಾಹರಣೆಯನ್ನು ನೋಡಬೇಕು. ಪರಮಾಣು ಸಿದ್ಧಾಂತದಿಂದ ಪ್ರಖ್ಯಾತನಾದ ಜಾನ್ ಡಾಲ್ಟನ್ 1766ರಲ್ಲಿ ಇಂಗ್ಲೆಂಡಿನ ಬಡ ಮನೆತನವೊಂದರಲ್ಲಿ ಹುಟ್ಟಿದವನು. 1792ರಲ್ಲಿ ಅವನಿಗೆ ಒಂದು ಆಶ್ಚರ್ಯದ ಅನುಭವವಾಯಿತು. ಜೆರೇನಿಯಂ ಎಂಬ ಗುಲಾಬಿ ವರ್ಣದ ಹೂವು ಹಗಲಿನಲ್ಲಿ ಅವನ ಕಣ್ಣಿಗೆ ಆಕಾಶದ ನೀಲಿಯಾಗಿ ತೋರಿತು. ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಅದೇ ಹೂವು ಕೆಂಪಾಗಿ ಕಂಡಿತು. ಗೆಳೆಯರನ್ನು ಕೇಳಿದನು. ಹೂವಿನ ಬಣ್ಣವು ಹಾಗೆ ಮಾರ್ಪಟ್ಟುದು ಅವರಾರಿಗೂ ಕಂಡಿರಲಿಲ್ಲ. ತನ್ನಂತೆಯೇ ಕಂಡವನು ಒಡಹುಟ್ಟಿದ ಸಹೋದರನೊಬ್ಬನೆ. ಜಗತ್ತಿಗೆಲ್ಲ ಕಾಣುವ ಬಣ್ಣಗಳು ತಮ್ಮಿಬ್ಬರಿಗೆ ಕಾಣುತ್ತಿಲ್ಲವೆಂಬುದು ಅವನಿಗೆ ಆಗ ತಿಳಿಯಿತು. 1794ರಲ್ಲಿ ಅವನು ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಈ ವಿಷಯವನ್ನು ಕುರಿತು ಪ್ರಬಂಧವೊಂದನ್ನು ಓದಿದನು. ತನ್ನ ಕುಂದನ್ನು ಮರೆಮಾಡದೆ, ನಾಚದೆ, ವಿಚಾರದ ವಿಷಯವನ್ನಾಗಿ ಮಾಡಿಕೊಂಡ ಆ ಧೈರ್ಯವು ಮೆಚ್ಚತಕ್ಕದ್ದು.

ಇದಕ್ಕೆ ಕಾರಣವೇನೆಂದು ಡಾಲ್ಟನ್ ಊಹಿಸಿದ ಬಗೆಯು ಇಲ್ಲಿ ಮುಖ್ಯವಾದುದು. ತನ್ನ ಕಣ್ಣಿನೊಳಗಣ ದ್ರವಕ್ಕೆ ನೀಲಿಯ ಛಾಯೆ ಇರಬೇಕು, ಅದು ಕೆಂಪು ಬೆಳಕನ್ನು ಹೀರಿಕೊಳ್ಳುತ್ತಿರಬೇಕು ಎಂದು ಅವನು ಎಣಿಸಿದನು. ಎಂದರೆ, ಇರಬಾರದುದೊಂದು ಕಣ್ಣಿನಲ್ಲಿ ಬಂದು ಸೇರಿದೆಯೆಂದು ಅವನ ನಂಬಿಕೆ. ತಾನು ಸತ್ತ ಮೇಲೆ ಕಣ್ಣುಗಳನ್ನು ಬಿಚ್ಚಿ ನೋಡಬೇಕೆಂದು ಹೇಳಿಟ್ಟನು. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯನಾದ ಜೋಸೆಫ್ ರ‍್ಯಾನ್ಸಮ್ ಹಾಗೆಯೇ ಮಾಡಿದನು. ದ್ರವವು ನಿರ್ಮಲವಾಗಿತ್ತು. ನೀಲಿಯಾಗಲಿ, ಕಲೆಯಾಗಲಿ, ಸೀಳಾಗಲಿ ಕಾಣಲಿಲ್ಲ. ಡಾಲ್ಟನ್ ಹುಡುಕಿದುದು ಫ್ಲಾ. ಅದು ಅಲ್ಲಿ ಇರಲಿಲ್ಲ.

ಆ ಕಣ್ಣುಗಳ ಅವಶೇಷವನ್ನು ಮ್ಯಾಂಚೆಸ್ಟರಿನಲ್ಲಿ ಕಾಪಾಡಿಟ್ಟಿದ್ದರು. ಅವನು ಸತ್ತ ಒಂದೂವರೆ ಶತಮಾನದ ಬಳಿಕ, 1995ರಲ್ಲಿ, ವಿಜ್ಞಾನಿಗಳು ಅದರಿಂದ ಡಿ.ಎನ್.ಎ. ಅಂಶವನ್ನು ತೆಗೆದು ಪರೀಕ್ಷಿಸಿ, ಮರ್ಮವನ್ನು ಕಂಡುಹಿಡಿದರು. ಸಾಮಾನ್ಯರ ಅಕ್ಷಿಪಟದಲ್ಲಿ ಬಣ್ಣಗಳನ್ನು ಅರಿಯಲು ಮೂರು ಬಗೆಯ ವರ್ಣದ್ರವ್ಯಗಳುಂಟು. ಹಸುರಿನ ಕಡೆಯ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವ ಬಗೆಯು ಡಾಲ್ಟನ್ನನ ಕಣ್ಣಿನಲ್ಲಿ ಇರಲೇ ಇಲ್ಲ. ಕಣ್ಣಿನಲ್ಲಿ ಬೇಡವಾದುದೇನೂ ಸೇರಿರಲಿಲ್ಲ, ಬೇಕಾದುದೊಂದು ಇರಲಿಲ್ಲ. ಇದೇ ಡಿಫೆಕ್ಟ್. ಇಲ್ಲದುದನ್ನು ಕಣ್ಣಿನಿಂದ ನೋಡಿ ಕಂಡುಹಿಡಿಯಲಾಗದು. ಏನು ಇರಬೇಕಾಗಿತ್ತೆಂಬ ಅರಿವು ಮೊದಲು ಬಂದ ಮೇಲೆಯೇ ಏನು ಇಲ್ಲವೆಂಬ ಅರಿವು ಬರುವುದು. ಆ ಅರಿವು ಬರುವುದಕ್ಕೆ ಮಹಾವಿಜ್ಞಾನಿಯ ವಿಷಯದಲ್ಲಿಯೂ ಅಷ್ಟು ಕಾಲ ಹಿಡಿಯಿತು.

ಕೊರತೆಗೆ ಅಳತೆಗೋಲು ಬೇಕು

ಬಿರುಕು ವಸ್ತುವಿನ ಮೈಯಲ್ಲಿಯೇ ಇರುವುದು. ಕೊರತೆಯಾದರೋ ಒಂದು ಅಳತೆಗೋಲಿನ ಎದುರಿಗೆ ನಿಲ್ಲಿಸಿದಾಗ ಮಾತ್ರ ತೋರುವುದು. ಡಾಲ್ಟನ್ನನ ಕಣ್ಣು ಅವನ ರಸಾಯನಶಾಸ್ತ್ರದ ಚಿಂತನೆಗೆ ಅಡ್ಡಿಯಾಗಲಿಲ್ಲ. 1808ರಲ್ಲಿ ಅವನು ಪ್ರಕಟಿಸತೊಡಗಿದ ಗ್ರಂಥವು ರಸಾಯನಶಾಸ್ತ್ರಕ್ಕೆ ಹೊಸ ತಳಹದಿಯನ್ನೇ ಹಾಕಿತು. ಅದೇ ಕಣ್ಣನ್ನು ರೈಲುದಾರಿಯ ಕೆಂಪು ಹಸುರು ದೀಪಗಳ ಎದುರಿಗೆ ನಿಲ್ಲಿಸಿದರೆ ಮಾತು ಬೇರೆ. 1875ರಲ್ಲಿ ಸ್ವೀಡನ್ ದೇಶದಲ್ಲಿ ಎರಡು ರೈಲುಗಳು ಡಿಕ್ಕಿಹೊಡೆದ ಬಳಿಕ, ಹೋಲ್ಮ್‌ಗ್ರೆನ್ ಎಂಬ ವೈದ್ಯ ವಿಜ್ಞಾನಿಯು ರೈಲು ನೌಕರರ ವರ್ಣದೃಷ್ಟಿಯನ್ನು ಬಣ್ಣಬಣ್ಣದ ಉಣ್ಣೆಯ ಎಳೆಗಳಿಂದ ಪರೀಕ್ಷಿಸುವ ಕ್ರಮವನ್ನು ಜಾರಿಗೆ ತಂದನು. ಭಾರತದಲ್ಲಿ 2020ರಲ್ಲಿ ಮೋಟಾರು ವಾಹನಗಳ ನಿಯಮಗಳನ್ನು ತಿದ್ದಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ವಾಹನ ನಡೆಸುವ ಲೈಸೆನ್ಸು ದೊರೆಯುವಂತೆ ಮಾಡಲಾಯಿತು. ಕೊರತೆಯ ಸ್ವರೂಪ ಒಂದೇ. ಒಂದು ಕಾರ್ಯಕ್ಕೆ ಅದು ಬಾಧಕ, ಇನ್ನೊಂದು ಕಾರ್ಯಕ್ಕೆ ಅಲ್ಲ.

ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನ ಡಿಫೆಕ್ಟನ್ನು ವಿವರಿಸುವಾಗ, ಕಾನೂನು, ಕರಾರು ಅಥವಾ ಮಾರುವವನ ಮಾತಿನಂತೆ ಯಾವ ಮಟ್ಟವನ್ನು ಕಾಪಾಡಬೇಕಾಗಿತ್ತೋ ಆ ಮಟ್ಟಕ್ಕೆ ಹೋಲಿಸಿಯೇ ವಿವರಿಸುವುದು. ಸೇವೆಯಲ್ಲಿ ಬರುವ ಅಂಥ ಕುಂದಿಗೆ ಅದು 'ಡಿಫಿಷಿಯೆನ್ಸಿ' ಎಂಬ ಬೇರೆ ಹೆಸರನ್ನು ಇಟ್ಟಿದೆ. ಕನ್ನಡ ಪತ್ರಿಕೆಗಳು ಅದನ್ನು ಸೇವಾ ನ್ಯೂನತೆ ಎಂದು ಬರೆಯುತ್ತಿವೆ. ಎರಡೂ ಅದೇ ಲ್ಯಾಟಿನ್ ಬೇರಿನ ಮಾತುಗಳು. ಕೊಟ್ಟ ಮಾತಿಗೆ ಎಷ್ಟು ಸಾಲದಾಯಿತು ಎಂಬುದೇ ಎರಡು ಕಡೆಗಳಲ್ಲಿಯೂ ಪ್ರಶ್ನೆ.

ಇದರಿಂದ ತಿಳಿಯತಕ್ಕ ತತ್ತ್ವವೆಂದರೆ: ಒಬ್ಬನಲ್ಲಿ ಕೊರತೆಯಿದೆಯೆಂದು ಹೇಳುವವನು ಯಾವ ಕಾರ್ಯಕ್ಕೆ, ಯಾವ ಅಳತೆಯಿಂದ ಎಂಬುದನ್ನೂ ಕೂಡಿಯೇ ಹೇಳಬೇಕು. ಅಳತೆಗೋಲನ್ನು ಬಚ್ಚಿಟ್ಟುಕೊಂಡು ಕೊರತೆಯನ್ನು ಮಾತ್ರ ಸಾರುವುದು ನ್ಯಾಯವಲ್ಲ.

ಗೃಹಸ್ಥರಿಗೆ ಅನ್ವಯ

ವಸ್ತುಗಳ ವಿಷಯದಲ್ಲಿ ಈ ಎರಡನ್ನು ಬೆರೆಸಿದರೆ ಹಣದ ನಷ್ಟ. ಮನುಷ್ಯರ ವಿಷಯದಲ್ಲಿ ಬೆರೆಸಿದರೆ ಬಾಳಿನ ನಷ್ಟ. ಹುಡುಗನೊಬ್ಬನು ಶಾಲೆಯಲ್ಲಿ ಕರಿಹಲಗೆಯ ಮೇಲಿನ ಅಕ್ಷರಗಳನ್ನು ಬರೆದುಕೊಳ್ಳುವುದಿಲ್ಲ. ತಂದೆಯು ಅವನನ್ನು ಸೋಮಾರಿ, ಹಟಮಾರಿ ಎಂದು ಗದರಿಸಿ ಹೊಡೆಯುವನು. ದೂರದ ದೃಷ್ಟಿ ಸಾಲದೆಂಬುದು ಎಷ್ಟೋ ದಿನಗಳ ಮೇಲೆ ತಿಳಿಯುವುದು. ಕೊರತೆಯಿದ್ದುದು ಕಣ್ಣಿನಲ್ಲಿ, ಅದಕ್ಕೆ ಒಂದು ಕನ್ನಡಕ ಸಾಕಾಗಿತ್ತು. ಏಟು ಬಿದ್ದುದು ನಡತೆಗೆ. ಅಲ್ಲಿ ಒಡಕೇ ಇರಲಿಲ್ಲ. ಆದರೆ ಆ ಏಟುಗಳಿಂದ ಮಗುವಿನ ಮನಸ್ಸಿನಲ್ಲಿ ಹೊಸದೊಂದು ಬಿರುಕು ಹುಟ್ಟಿರಬಹುದು. ಇಲ್ಲದ ಒಡಕನ್ನು ತಿದ್ದಹೋಗಿ ಒಡಕನ್ನು ಉಂಟುಮಾಡಿದಂತಾಯಿತು.

ಇದಕ್ಕೆ ವಿಪರೀತವಾದ ತಪ್ಪೂ ಉಂಟು. ವ್ಯಾಪಾರಿಯೊಬ್ಬನು ಲೆಕ್ಕದಲ್ಲಿ ನಿಪುಣ, ಮಾತಿನಲ್ಲಿ ಚತುರ, ಕೆಲಸದಲ್ಲಿ ಚುರುಕು. ಆದರೆ ತೂಕದಲ್ಲಿ ಮೋಸ. ಇವನಿಗೆ ಯಾವ ಗುಣವೂ ಕಡಿಮೆಯಿಲ್ಲ. ಇದ್ದ ಗುಣಗಳ ನಡುವೆ ಒಂದು ಸೀಳು ಬಿದ್ದಿದೆ. ತಿಳಿವಳಿಕೆ ಸಾಲದೆಂದು ಇಂಥವನಿಗೆ ಇನ್ನಷ್ಟು ತಿಳಿವಳಿಕೆಯನ್ನು ಕೊಟ್ಟರೆ ಮೋಸವು ಇನ್ನಷ್ಟು ಜಾಣತನದಿಂದ ನಡೆಯುವುದು. ಇದು ಸೀಳಿದ ಕೊಡಕ್ಕೆ ನೀರು ಸುರಿದಂತೆ. ಮೊದಲನೆಯ ಸುಳ್ಳು ಸಣ್ಣದಾಗಿರುವಾಗಲೇ, ಅದನ್ನು ತಾನೇ ಒಪ್ಪಿಕೊಂಡು, ಮುಂದೆ ಹರಿಯದಂತೆ ತಡೆಯುವುದೇ ಅವನಿಗಿರುವ ದಾರಿ.

ಕೊರತೆಯನ್ನು ಕಳಂಕವೆಂದು ತಿಳಿಯುವುದರಿಂದ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯವನ್ನು ಇಲ್ಲಿ ಹೇಳದೆ ಇರಲಾಗದು. ಹುಟ್ಟಿದ ಮಗುವಿಗೆ ಕಣ್ಣು ಸಾಲದಿದ್ದರೆ, ಕಿವಿ ಕೇಳದಿದ್ದರೆ, ತಾಯಿಯಲ್ಲಿ ಏನೋ ದೋಷವಿರಬೇಕೆಂದು ಮನೆಯವರೇ ಆಡಿಕೊಳ್ಳುವುದುಂಟು. ಡಾಲ್ಟನ್ನನಿಗಿದ್ದ ಬಗೆಯ ವರ್ಣಾಂಧತೆಯನ್ನೇ ವಿಚಾರಿಸಬಹುದು. ಉತ್ತರ ಯೂರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸುರುಗಳ ಭೇದದಲ್ಲಿ ಈ ಕುಂದು ಉಂಟು. ಅದಕ್ಕೆ ಸಂಬಂಧಿಸಿದ ವಂಶವಾಹಿಯು ಗಂಡುಮಗುವಿಗೆ ತಾಯಿಯ ಕಡೆಯಿಂದಲೇ ಬರುವುದು. ಆದರೆ ಆ ತಾಯಿಗೆ ಸಾಮಾನ್ಯವಾಗಿ ಎಲ್ಲ ಬಣ್ಣಗಳೂ ಕಾಣುವುವು. ಅವಳು ಮಾಡಿದ ತಪ್ಪು ಯಾವುದೂ ಇಲ್ಲ. ತಡೆಯಬಹುದಾಗಿದ್ದುದೂ ಏನೂ ಇಲ್ಲ. ಕೊರತೆಯು ಬಂದ ದಾರಿಯನ್ನು ತೋರಿಸಿದ ಮಾತ್ರಕ್ಕೆ ತಪ್ಪು ಮಾಡಿದವರನ್ನು ತೋರಿಸಿದಂತಾಗದು. ಬಿಗ್ ಬೆನ್ನಿನ ವಿವಾದದಲ್ಲಿ ಕಂಡ ಮೂರನೆಯ ಶಬ್ದವನ್ನು ಇಲ್ಲಿ ನೆನೆಯಬೇಕು. ಕೊರತೆಯಿರುವಲ್ಲೆಲ್ಲ ತಪ್ಪಿತಸ್ಥನೊಬ್ಬನು ಇರಲೇಬೇಕೆಂಬ ನಿಯಮವಿಲ್ಲ.

ಕರ್ನಾಟಕದ ಸರಕಾರೀ ಬರವಣಿಗೆಯಲ್ಲಿ ಅಂಗವಿಕಲರೆಂಬ ಮಾತಿನ ಸ್ಥಳದಲ್ಲಿ ವಿಕಲಚೇತನರೆಂಬ ಮಾತು ಬಂದಿದೆ. ಮಾತು ಬದಲಾದ ಮಾತ್ರಕ್ಕೆ ನೋಟ ಬದಲಾಗದು. ಒಬ್ಬನಿಗೆ ಒಂದು ಕೊರತೆಯಿದೆ ಎನ್ನುವುದು ಬೇರೆ, ಅವನೇ ಒಂದು ಕೊರತೆ ಎನ್ನುವುದು ಬೇರೆ. ಮೊದಲನೆಯದರಲ್ಲಿ ಸಹಾಯಕ್ಕೆ ಎಡೆಯಿದೆ. ಎರಡನೆಯದರಲ್ಲಿ ಅವಮಾನ ಒಂದೇ ಇದೆ. ಕೊರತೆ ಇರುವಲ್ಲಿ ನೆರೆಯವರ ಕರ್ತವ್ಯವು ತುಂಬಿಕೊಡುವುದು. ಕಣ್ಣಿಲ್ಲದವನಿಗೆ ದಾರಿ, ಕಿವಿಯಿಲ್ಲದವನಿಗೆ ಸನ್ನೆ, ಓದು ಬಾರದವನಿಗೆ ಅಕ್ಷರ: ಇವು ತುಂಬಿಕೊಡುವ ಬಗೆಗಳು.

ತನ್ನ ವಿಷಯದಲ್ಲಿಯೂ ಮನುಷ್ಯನು ಈ ಎರಡನ್ನು ಅದಲುಬದಲು ಮಾಡಿಕೊಳ್ಳುವನು. ತನ್ನ ಸಿಟ್ಟು, ಸುಳ್ಳು, ಅಸೂಯೆಗಳನ್ನು ಕುರಿತು, ತನಗೆ ತಾಳ್ಮೆ ಸ್ವಭಾವದಲ್ಲಿಯೇ ಕಡಿಮೆ, ದೇವರು ಕೊಟ್ಟಿಲ್ಲ ಎನ್ನುವನು. ಒಡಕನ್ನು ಕೊರತೆಯೆಂದು ಹೇಳಿ ಜಾರಿಕೊಳ್ಳುವನು. ನೆರೆಯವನು ಕಲಿಯದೆ ಉಳಿದುದನ್ನು ಕಂಡು, ಅವನು ಕೆಟ್ಟವನು ಎನ್ನುವನು. ಕೊರತೆಯನ್ನು ಒಡಕೆಂದು ಹೇಳಿ ಹಳಿಯುವನು. ಪರರನ್ನು ತಿದ್ದುವ ಮೊದಲು ತನ್ನನ್ನು ತಾನು ಸರಿಪಡಿಸಿಕೊಳ್ಳಬೇಕೆಂದು ಬಸವಣ್ಣನವರು ಬೋಧಿಸಿದುದನ್ನು ಬಲ್ಲ ಓದುಗರಿಗೆ ಈ ಅದಲುಬದಲಿನ ಮೋಸವು ಸುಲಭವಾಗಿ ತಿಳಿಯುವುದು. ನ್ಯಾಯವಾದ ಕ್ರಮವು ಇದರ ತಿರುವು. ತನ್ನಲ್ಲಿ ಮೊದಲು ಒಡಕನ್ನು ಹುಡುಕಬೇಕು. ಏಕೆಂದರೆ ಅದು ಬೆಳೆಯುವುದು, ಅದನ್ನು ಒಳಗಿನಿಂದ ತಾನೇ ಕಾಣಬಲ್ಲನು. ಇತರರಲ್ಲಿ ಮೊದಲು ಕೊರತೆಯನ್ನು ಹುಡುಕಬೇಕು. ಏಕೆಂದರೆ ಅದನ್ನು ತುಂಬಿಕೊಡುವ ಶಕ್ತಿ ತನ್ನಲ್ಲಿ ಇರಬಹುದು.

ಇನ್ನು ಮುಂದೆ ದೋಷವೆಂಬ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆದು ಮೂರು ವಿಷಯಗಳನ್ನು ಕೇಳಿಕೊಳ್ಳುವುದು ಗೃಹಸ್ಥನಿಗೆ ಒಳ್ಳೆಯದು. ಇಲ್ಲಿ ಇದ್ದುದು ಒಡೆದಿದೆಯೋ, ಇರಬೇಕಾದುದು ಇಲ್ಲವೋ? ಒಡೆದಿದ್ದರೆ, ಆ ಒಡಕು ಬೆಳೆಯುವುದೋ, ನಿಲ್ಲುವುದೋ? ಇಲ್ಲದಿದ್ದರೆ, ಯಾವ ಕಾರ್ಯಕ್ಕೆ ಅದು ಇಲ್ಲದೆ ಆಗದು? ಇಷ್ಟು ವಿಚಾರಿಸಿದ ಮೇಲೆ ಆ ಮಾತು ಬಹಳ ಸಲ ಹೊರಗೆ ಬರುವ ಅವಶ್ಯಕತೆಯೇ ಇರುವುದಿಲ್ಲ. ಅದರ ಸ್ಥಳದಲ್ಲಿ ಮಾಡತಕ್ಕ ಕೆಲಸವೊಂದು ಕಣ್ಣಿಗೆ ಕಾಣುವುದು.